ಹದಿನೆಂಟು ಯೂನಿಟ್ಟು

ಬಾಡಿಗಿ ಮನಿ ನೋಡಾಕ ಹ್ವಾದವರು ಬಾಗಿಲಾ ನೋಡ್ತಾರ,
ಮೂಡಕೈತೇನು, ಪಡುವಕೈತೇನು.
ನಾ ಚಪ್ಪಲಿ ಬಿಡೂಕಿಂತ ಮೊದಲ
ಮೀಟರ್ ಎಲ್ಲೈತ್ರಿ ಅಂತ ಕೇಳಿದೆ.

ನಾಗಠಾಣ ಸಾವ್ಕಾರ್ರು ನಕ್ಕರು.
ಮೀಟರ್ ಒಂದ, ಮನಿ ಮೂರು,
ನಿಮಗ ಸಬ್‌ಮೀಟರ್, ಯೂನಿಟ್ಟಿಗೆ ಎಂಟು ರೂಪಾಯಿ.
ಸರ್ಕಾರ ಬಿಟ್ಟದ್ದು ಮಾಲಕರ ಹೊಸ್ತಿಲಾ ದಾಟಿ ಬರೂದಿಲ್ಲ.
ಅದನ್ನ ನಾ ಕೇಳಲಿಲ್ಲ,
ಅವರೂ ಹೇಳಲಿಲ್ಲ.

ಜಲನಗರ ಅಂತ ಹೆಸರು,
ನಳ ಮಾತ್ರ ಎಂಟು ದಿನಕ್ಕೊಮ್ಮೆ.
ಕೊರಳಾಗಿನ ಟೇಪು ತಗದು ನೀರಿನ ಹೌದಿಗೆ ಇಳಿಬಿಟ್ಟೆ.
ಉದ್ದ ನಾಕು ಫೂಟು, ಅಗಲ ಮೂರು, ಆಳ ನಾಕು.
ಟೇಪಿನ ತುದಿಗೆ ತಳದ ರಾಡಿ ಹತ್ತಿತು,
ಸೆರಗಿಲೆ ವರಸಿದೆ.
ಘನ ಫೂಟಿಗೆ ಇಪ್ಪತ್ತೆಂಟು ಲೀಟರ್ ಹಿಡದು
ಎಂಟು ದಿನಕ್ಕ ಹಂಚಿದ್ರ
ದಿನಕ್ಕ ಹನ್ನೆರಡು ಕೊಡ.
ನಾನು, ಡಿಪೋದಾಗ ರಾತ್ರಿಪಾಳಿ ಮಾಡೋ ಇರಸಂಗಪ್ಪ,
ನಾದಿನಿ ಕಸ್ತೂರಿ, ಆಕಿ ಮಗ,
ತಲಿಗೆ ಮೂರು.
ಗ್ರೀಸು ಹತ್ತಿದ ಅಂಗಿಗೆ
ಈ ಲೆಕ್ಕದಾಗ ಒಂದು ಕೊಡನೂ ಸಿಗವಲ್ದು.
ಟ್ಯಾಂಕರ್ ಅಂತ ಬರದು ಮುಂದ ಜಾಗಾ ಬಿಟ್ಟೆ.

ಒಳಗ ಹಳೇ ಬಾಡಿಗಿದಾರ ಗಂಟು ಕಟ್ಟತಿದ್ದ,
ದನದ ದವಾಖಾನಿ ಕಂಪೌಂಡರ್ ಮಲಕಪ್ಪ.
ಇಂಡಿಗೆ ವರ್ಗ ಆಗಿತ್ತಂತ.
ಹಳೇ ಚೀಟಿ ಅದಾವೇನ್ರಿ ಅಂದೆ.
ಸೈಕಲ್ ಕಡ್ಡಿ ಬಗ್ಗಿಸಿ ಅದಕ್ಕ ಚುಚ್ಚಿಟ್ಟಿದ್ದ,
ಎರಡು ವರ್ಷದ್ದು, ಒಂದೂ ಬಿಡದಂಗ.

ಒಬ್ಬಾಂವ ಗಂಡಸು, ಎರಡು ಬಲ್ಬು, ಒಂದು ಫ್ಯಾನು,
ಟೀವಿ ಇಲ್ಲ, ಗೀಜರ್ ಇಲ್ಲ.
ಬ್ಯಾಸಗಿ ಇರಲಿ, ಥಂಡಿ ಇರಲಿ,
ಹದಿನೆಂಟರ ಕೆಳಗ ಒಂದು ತಿಂಗಳೂ ಇಳದಿಲ್ಲ.
ದೀಪಾವಳಿಗೆ ಊರಿಗೆ ಹೋಗಿ ಮನಿಗೆ ಕೀಲಿ ಹಾಕಿದ ತಿಂಗಳೂ
ಸುಮಾರು ಅಷ್ಟ.
ಇದು ಏನು ತಿಂತದ್ರಿ, ಕೀಲಿ ಹಾಕಿದ ಮನಿ?

ಆತ ಮಾತಾಡಲಿಲ್ಲ. ಪಡದೆ ಸರಿಸಿದ.

ಗಾಜಿನ ಪೆಟಗಿ.
ಬುರಬುರ ಗುಳ್ಳಿ.
ಐದು ಮೀನು, ಒಂದರ ಬಾಲ ಹರದಿತ್ತು.
ಪಂಪು ಇಪ್ಪತ್ತೈದು ವ್ಯಾಟು, ಇಪ್ಪತ್ನಾಕು ತಾಸು ನಡೀಬೇಕು,
ತಿಂಗಳಿಗೆ ಹದಿನೆಂಟು, ನಾನೂ ಲೆಕ್ಕ ಹಾಕೀನ್ರಿ, ಅಂದ.
ಎಂಟು ದಿನಕ್ಕ ಎರಡು ಕೊಡ ನೀರು,
ತಗದದ್ದು ಕರಿಬೇವಿಗೆ, ಒಂದು ಹನಿ ಹಾಳಾಗೂದಿಲ್ಲ.
ಇಡೀ ದಿನ ಒದರೋ ದನದ ನಡುವ ಇರತೀನಿ,
ಸಂಜಿಗೆ ಒದರದಂಥಾವು ಬೇಕನಿಸ್ತಾವ.

ಟೆಂಪೋದಾಗ ಗಾಜು ಒಡೀತೈತಿ.
ಸಾವ್ಕಾರ್ರು ಬಾವ್ಯಾಗ ಬಿಡು ಅಂದಾರಂತ.
ಆತ ಇದನ್ನ ನನಗ ಹೇಳಲಿಲ್ಲ,
ಕಡ್ಡಿಯಿಂದ ಚೀಟಿ ಒಂದೊಂದ ತಗದು
ಸುಮ್ಮನ ಹೊಂದಸ್ತಾ ಗ್ವಾಡಿಗೆ ಹೇಳಿದ.

ಮನಿಗೆ ಬಂದು ಅಳತಿ ಪುಸ್ತಕ ತಗದೆ.
ಪಾರುಬಾಯಿ, ಎದಿ ಮೂವತ್ತಾರು, ತೋಳು ಹತ್ತು.
ಅದರ ಕೆಳಗ ಜಾಗಾ ಇತ್ತು.
ಇಸ್ತ್ರಿ ದಿನಕ್ಕ ಒಂದು ತಾಸು, ಮೂವತ್ತು.
ಮಷೀನಿನ ಮೋಟರ್ ದಿನಕ್ಕ ಆರು ತಾಸು,
ಗುಣಿಸಿ ನೋಡಿದೆ, ಮತ್ತೊಮ್ಮೆ ಗುಣಿಸಿದೆ,
ಅದೂ ಹದಿನೆಂಟು.
ನಾಕು ಮಂದಿ ಹೊಟ್ಟಿಗೆ ಹೊಲಿಯೋ ನನ್ನ ಮಷೀನೂ ಅಷ್ಟ,
ಐದು ಮೂಕ ಮೀನಿನ ಉಸರೂ ಅಷ್ಟ.
ಫ್ಯಾನು, ದೀಪ, ಹುಡುಗನ ಟೀವಿ, ನಲವತ್ತು.
ಕೂಡಿಸಿದ್ರ ಎಂಬತ್ತೆಂಟು, ಎಂಟರಲೆ ಏಳುನೂರಾ ನಾಕು.
ಗೆರಿ ಎಳದು ಪುಸ್ತಕ ಮುಚ್ಚಿದೆ.

ಲೈಟ್ ಹೋತು.
ಪಂಪು ನಿಂತ್ರ ಎಷ್ಟೊತ್ತು ತಡೀತಾವೋ ಅಂತ
ಕತ್ತಲಾಗ ಯಾಕ ನೆನಪಾತೋ ಏನೋ.
ಲೈಟ್ ಬಂದ ಮ್ಯಾಲೆ ಗೆರಿ ಕೆಳಗ
ಸಣ್ಣ ಅಕ್ಷರದಾಗ ಇನ್ನೊಂದು ಹದಿನೆಂಟು ಬರದೆ.

ಮುಂಜಾನೆ ಇರಸಂಗಪ್ಪ ಚಹಾ ಕುಡೀತಾ ಪುಸ್ತಕ ತಿರುವಿದ.
ಹದಿನೆಂಟು, ಇದ್ಯಾರ ಅಳತಿ? ಕೂಸಿಂದೇನು?
ಮೀನಿಂದು ಅಂದೆ.
ಕಪ್ಪು ಕೆಳಗಿಟ್ಟ, ಕೊರಳಾಗಿನ ಲಿಂಗ ಮುಟ್ಟಿಕೊಂಡ.
ನಮ್ಮ ಮನ್ಯಾಗ ಮೀನs?
ನಾವು ತಿನ್ನಾಕಲ್ಲೋ, ಅಂದೆ,
ಅವು ತಿಂತಾವ.